ಅಲಾಮೊ ಜಗಳ: ಜನವಿಲ್ಲದ ಗಡಿಗೆ ಜನ ತುಂಬಿದ ಕಥೆ

2025ರ ಅಕ್ಟೋಬರ್‌ನಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ಊರಿನ ಅಲಾಮೊ ಸ್ಮಾರಕದ ಎಕ್ಸ್ ಖಾತೆಯಲ್ಲಿ ಮೂಲನಿವಾಸಿಗಳ ದಿನದ ಬಗ್ಗೆ ಒಂದು ಪೋಸ್ಟ್ ಬಂತು. ಸ್ಮಾರಕ ಯಾರ ಉಸ್ತುವಾರಿಯಲ್ಲಿದೆಯೋ ಆ ರಾಜ್ಯ ಭೂ ಇಲಾಖೆಯ ಕಮಿಷನರ್ ಸಿಟ್ಟಾದರು. ಪೋಸ್ಟ್ ಮಾಯವಾಯಿತು. ಅಲ್ಲಿಗೇ ನಿಲ್ಲಲಿಲ್ಲ. ಕೆಲವೇ ದಿನಗಳಲ್ಲಿ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಡ್ಯಾನ್ ಪ್ಯಾಟ್ರಿಕ್, ಸ್ಮಾರಕವನ್ನು ನಡೆಸುವ ಅಲಾಮೊ ಟ್ರಸ್ಟ್‌ನ ಮುಖ್ಯಸ್ಥೆ ಕೇಟ್ ರಾಜರ್ಸ್ ಹುದ್ದೆ ಬಿಡಬೇಕು ಎಂದು ಬಹಿರಂಗವಾಗಿ ಪತ್ರ ಬರೆದರು. ಕಾರಣ ಆಕೆ 2023ರಲ್ಲಿ ಬರೆದಿದ್ದ ಡಾಕ್ಟರೇಟ್ ಪ್ರಬಂಧ. ಆ ಜಾಗದ ಕಥೆಯನ್ನು ಇನ್ನಷ್ಟು ಅಗಲವಾಗಿ ಹೇಳಬೇಕು ಅನ್ನುವ ಒಲವು ಅದರಲ್ಲಿ ಕಾಣುತ್ತಿತ್ತು. ಆಕೆ ರಾಜೀನಾಮೆ ಕೊಟ್ಟರು, ಆಮೇಲೆ ಕೋರ್ಟಿಗೂ ಹೋದರು.

ಒಂದು ಹಳೇ ಕಲ್ಲಿನ ಚರ್ಚಿಗೆ ಇಷ್ಟೊಂದು ಜಗಳವೇ ಅನಿಸಬಹುದು. ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್ ಕಡೆ ಇರುವ ನಮ್ಮ ಕನ್ನಡದವರಿಗೆ ಅಲಾಮೊ ಗೊತ್ತೇ ಇರುತ್ತದೆ. ಊರಿಂದ ಅಪ್ಪ ಅಮ್ಮ ಬಂದಾಗ ಲಾಂಗ್ ವೀಕೆಂಡಿನಲ್ಲಿ ಒಮ್ಮೆ ರಿವರ್ ವಾಕ್, ಒಮ್ಮೆ ಅಲಾಮೊ, ಮುಗಿಯಿತು. ಮಕ್ಕಳು ನಾಲ್ಕನೇ ಕ್ಲಾಸಿನಲ್ಲಿ ಒಮ್ಮೆ, ಏಳನೇ ಕ್ಲಾಸಿನಲ್ಲಿ ಇನ್ನೊಮ್ಮೆ ಟೆಕ್ಸಾಸ್ ಚರಿತ್ರೆ ಓದುತ್ತಾರೆ. ಅವರಿಗೆ ಹೇಳಿಕೊಡುವ ಕಥೆಯ ಚೌಕಟ್ಟು ಸರಳ. 1836ರ ಫೆಬ್ರವರಿ 23ರಿಂದ ಮಾರ್ಚ್ 6ರವರೆಗೆ ಹದಿಮೂರು ದಿನ ಇನ್ನೂರರ ಆಸುಪಾಸಿನ ಜನ ಮೆಕ್ಸಿಕೊದ ಅಧ್ಯಕ್ಷ ಸಾಂತಾ ಅನ್ನಾನ ದೊಡ್ಡ ಸೈನ್ಯವನ್ನು ಎದುರಿಸಿ ಸತ್ತರು, ಆರು ವಾರದಲ್ಲಿ ಟೆಕ್ಸಾಸ್ ಸ್ವತಂತ್ರವಾಯಿತು.

ಇದು ಸುಳ್ಳಲ್ಲ. ಆದರೆ ಈ ಹದಿಮೂರು ದಿನವನ್ನು ಮಾತ್ರ ಹಿಡಿದುಕೊಂಡರೆ ಆ ಹದಿಮೂರು ದಿನವೂ ಅರ್ಥವಾಗುವುದಿಲ್ಲ. ಅಲ್ಲಿ ಆ ಗೋಡೆ ಯಾಕಿತ್ತು? ಅದರೊಳಗೆ ಟೆನೆಸಿಯವರು, ವರ್ಜೀನಿಯಾದವರು ಯಾಕಿದ್ದರು? ಅವರ ಜೊತೆ ಸ್ಪ್ಯಾನಿಷ್ ಮಾತಾಡುವ ಊರಿನವರು ಯಾಕೆ ಸತ್ತರು? ಈ ಮೂರಕ್ಕೂ ಉತ್ತರ ಬೇಕಾದರೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು. ನನ್ನ ಓದಿನಲ್ಲಿ ಇದು ಮೂಲತಃ ಜನರಿಲ್ಲದ ಗಡಿಯ ಸಮಸ್ಯೆ. ತಮ್ಮ ಜನ ಬರಲೊಲ್ಲದ ಗಡಿಯನ್ನು ಮೊದಲು ಸ್ಪೇನ್, ಆಮೇಲೆ ಮೆಕ್ಸಿಕೊ, ಬೇರೆಯವರ ಜನರನ್ನು ತಂದು ತುಂಬಿಸಲು ನೋಡಿದವು.

ಶುರುವಾದದ್ದು ಒಬ್ಬ ಫ್ರೆಂಚ್‌ನವನಿಂದ. 1685ರಲ್ಲಿ ಲಾ ಸಾಲ್ ಎಂಬಾತ ಮಿಸಿಸಿಪ್ಪಿ ನದಿಯ ಬಾಯಿ ಹುಡುಕುತ್ತಾ ಬಂದು, ದಾರಿ ತಪ್ಪಿ, ಟೆಕ್ಸಾಸ್ ಕರಾವಳಿಯಲ್ಲಿ ಇಳಿದು ಒಂದು ಸಣ್ಣ ಕೋಟೆ ಕಟ್ಟಿದ. ಹಸಿವು, ಕಾಯಿಲೆ, ಅಲ್ಲಿನ ಕರಂಕಾವಾ ಜನರ ದಾಳಿಗೆ ಅದು ತಾನಾಗಿಯೇ ನಾಶವಾಯಿತು. ಆದರೆ ಸುದ್ದಿ ಕೇಳಿ ಸ್ಪೇನ್ ಬೆಚ್ಚಿತು. ನಕ್ಷೆಯಲ್ಲಿ ತನ್ನದು ಎಂದು ಬರೆದುಕೊಂಡಿದ್ದ ನೆಲದಲ್ಲಿ ತನ್ನವರು ಒಬ್ಬರೂ ಇರಲಿಲ್ಲ. 1690ರಲ್ಲಿ ಪೂರ್ವ ಟೆಕ್ಸಾಸ್‌ನ ಕ್ಯಾಡೊ ಜನರ ನಡುವೆ ಮೊದಲ ಮಿಷನ್, ಅಂದರೆ ಪಾದ್ರಿಗಳ ನೆಲೆ, ಎದ್ದಿತು. ಪಾದ್ರಿಗಳ ಜೊತೆ ಸಿಡುಬೂ ಬಂತು. ದೀಕ್ಷೆಯ ನೀರೇ ಕೊಲ್ಲುತ್ತಿದೆ ಎಂದು ಕ್ಯಾಡೊಗಳು ನಂಬಿದರು. ಕಣ್ಣೆದುರು ಜನ ಸಾಯುತ್ತಿರುವಾಗ ಹಾಗನಿಸುವುದು ಸಹಜ ಅಲ್ವಾ. 1693ರಲ್ಲಿ ಪಾದ್ರಿಗಳು ಜಾಗ ಖಾಲಿ ಮಾಡಿದರು.

ಇಪ್ಪತ್ತು ವರ್ಷ ಬಿಟ್ಟು ಫ್ರೆಂಚರು ಲೂಯಿಸಿಯಾನಾದಲ್ಲಿ ಗಟ್ಟಿಯಾಗಿ ತಳವೂರಿದ ಮೇಲೆ ಸ್ಪೇನ್ ಮತ್ತೆ ಬಂತು. ಈ ಸಲ ಪೂರ್ವದ ಮಿಷನ್‌ಗಳಿಗೂ ದಕ್ಷಿಣದ ರಿಯೊ ಗ್ರಾಂಡೆ ನದಿಗೂ ನಡುವೆ ಒಂದು ತಂಗುದಾಣ ಬೇಕಾಯಿತು. 1718ರ ಮೇ 1ರಂದು ಸ್ಯಾನ್ ಆಂಟೋನಿಯೊ ನದಿಯ ಹತ್ತಿರ ಸ್ಯಾನ್ ಆಂಟೋನಿಯೊ ದೆ ವಲೇರೊ ಮಿಷನ್ ಶುರುವಾಯಿತು. ನಾಲ್ಕು ದಿನಕ್ಕೆ ಪಕ್ಕದಲ್ಲೇ ಸೈನಿಕರ ಠಾಣೆ. ಇದೇ ವಲೇರೊ ಮಿಷನ್ ಮುಂದೆ ಅಲಾಮೊ ಆಯಿತು. 1720ರಲ್ಲಿ ಸ್ಯಾನ್ ಹೊಸೆ ಮಿಷನ್ ಬಂತು. 1731ರಲ್ಲಿ ಪೂರ್ವದಿಂದ ಕಿತ್ತುತಂದ ಮೂರು ಮಿಷನ್‌ಗಳು, ಅಂದರೆ ಕನ್ಸೆಪ್ಸಿಯೋನ್, ಸ್ಯಾನ್ ಹ್ವಾನ್, ಎಸ್ಪಾಡ, ಅದೇ ನದಿಯ ದಂಡೆಗೆ ಬಂದು ಸೇರಿದವು.

ಮಿಷನ್ ಅಂದ ಕೂಡಲೇ ಚರ್ಚ್ ಎಂದುಕೊಂಡರೆ ಅರ್ಧ ಮಾತ್ರ ಸರಿ. ಸ್ಪೇನಿನ ದೊರೆಗೆ ಅದು ಕಡಿಮೆ ಖರ್ಚಿನಲ್ಲಿ ಪ್ರಜೆಗಳನ್ನು ತಯಾರಿಸುವ ವ್ಯವಸ್ಥೆ. ಸ್ಪೇನಿನಿಂದ ಅಥವಾ ಮೆಕ್ಸಿಕೊದಿಂದ ಈ ಒಣ ಗಡಿಗೆ ಬರಲು ಯಾರಿಗೂ ಮನಸ್ಸಿರಲಿಲ್ಲ. ಹಾಗಾಗಿ ಅಲ್ಲೇ ಇದ್ದ ಜನರನ್ನು ಹಿಡಿದು, ದೀಕ್ಷೆ ಕೊಟ್ಟು, ಸ್ಪ್ಯಾನಿಷ್ ಕಲಿಸಿ, ಬೇಸಾಯ, ನೇಯ್ಗೆ, ಕಮ್ಮಾರಿಕೆ, ಬಡಗಿ ಕೆಲಸ ಕಲಿಸಿ, ಹತ್ತು ಹದಿನೈದು ವರ್ಷದಲ್ಲಿ ತೆರಿಗೆ ಕಟ್ಟುವ, ಗಡಿ ಕಾಯುವ ರೈತರನ್ನಾಗಿ ಮಾಡುವುದು ಯೋಜನೆ. ಆಮೇಲೆ ಮಿಷನ್ ಮುಚ್ಚಿ ಜಮೀನನ್ನು ಅವರಿಗೇ ಹಂಚಬೇಕು. ಕಾಗದದ ಮೇಲೆ ಚೆನ್ನಾಗಿಯೇ ಇತ್ತು.

ಆ ಜನ ಯಾರು? ಪಯಾಯ, ಹರಾಮೆ ಮುಂತಾದ ಹತ್ತಾರು ಸಣ್ಣ ಗುಂಪುಗಳು. ಈಗ ಎಲ್ಲರನ್ನೂ ಸೇರಿಸಿ ಕೊವಾವಿಲ್ಟೆಕನ್ ಎಂದು ಕರೆಯುತ್ತಾರೆ. ಬೇಟೆಯಾಡಿ, ಪಿಕನ್ ಕಾಯಿ, ಪಾಪಾಸುಕಳ್ಳಿಯ ಹಣ್ಣು ಆರಿಸಿ ಬದುಕುತ್ತಿದ್ದವರು. ಅವರು ಮಿಷನ್ನಿಗೆ ಬಂದದ್ದಕ್ಕೆ ಭಕ್ತಿಗಿಂತ ಇಕ್ಕಟ್ಟು ಜಾಸ್ತಿ ಕಾರಣ. ಉತ್ತರದಿಂದ ಕುದುರೆ ಏರಿ ಅಪಾಚೆಗಳು ಬರುತ್ತಿದ್ದರು, ದಕ್ಷಿಣದಿಂದ ಸ್ಪ್ಯಾನಿಷರ ಕಾಯಿಲೆಗಳೂ ಆಳು ಹಿಡಿಯುವವರೂ ಬರುತ್ತಿದ್ದರು, ನಡುವೆ ಸಿಕ್ಕಿಕೊಂಡ ಸಣ್ಣ ಗುಂಪಿಗೆ ಗೋಡೆಯೊಳಗೆ ಸಿಗುವ ಮೆಕ್ಕೆಜೋಳದ ಊಟ ಮತ್ತು ಕಾವಲು ಎರಡೂ ದೊಡ್ಡವೇ. ಬೆಲೆಯೂ ದೊಡ್ಡದು. ಗಂಟೆ ಹೊಡೆದಾಗ ಏಳಬೇಕು, ಗಂಟೆ ಹೊಡೆದಾಗ ಪ್ರಾರ್ಥನೆ, ಗಂಟೆ ಹೊಡೆದಾಗ ಕೆಲಸ. ತಮ್ಮ ಹಾಡು ಕುಣಿತ ಬಿಡಬೇಕು. ಬೇಸರ ಬಂದು ಕಾಡಿಗೆ ಓಡಿಹೋದರೆ ಸೈನಿಕರ ಜೊತೆ ಪಾದ್ರಿ ಹೋಗಿ ಕರೆತರುತ್ತಿದ್ದ. 1739ರಂಥ ಸಾಂಕ್ರಾಮಿಕದ ವರ್ಷಗಳಲ್ಲಿ ಮಿಷನ್‌ಗಳು ಅರ್ಧಕ್ಕರ್ಧ ಬರಿದಾಗುತ್ತಿದ್ದವು, ಮತ್ತೆ ಹೊಸ ಗುಂಪುಗಳನ್ನು ಹುಡುಕಿ ತರಬೇಕಿತ್ತು. ಮಕ್ಕಳು ಬದುಕುಳಿಯುವುದೇ ಕಷ್ಟವಿತ್ತು.

ಆದರೂ ಅವರ ಕೈಕೆಲಸ ಇವತ್ತಿಗೂ ಇದೆ. ನದಿಗೆ ಅಡ್ಡಗಟ್ಟು ಹಾಕಿ, ಮೈಲಿಗಟ್ಟಲೆ ಕಾಲುವೆ ತೋಡಿ, ತೂಬಿನಲ್ಲಿ ಸರದಿ ಪ್ರಕಾರ ನೀರು ಬಿಟ್ಟು ಮೆಕ್ಕೆಜೋಳ, ಹುರುಳಿಕಾಯಿ, ಹತ್ತಿ ಬೆಳೆದರು. ಈ ಕಾಲುವೆಗೆ ಅಲ್ಲಿ ಅಸೇಕಿಯಾ ಎನ್ನುತ್ತಾರೆ. ಎಸ್ಪಾಡ ಮಿಷನ್ನಿನ ಕಾಲುವೆ ಒಂದು ಹಳ್ಳವನ್ನು ಕಲ್ಲಿನ ಕಮಾನು ಸೇತುವೆ ಮೇಲೆ ದಾಟುತ್ತದೆ. 1740ರ ದಶಕದ ಆ ಮೇಲ್ಗಾಲುವೆಯಲ್ಲಿ ಈಗಲೂ ನೀರು ಹರಿಯುತ್ತದೆ. ದನದ ಕಥೆಯೂ ಹಾಗೇ. ಪ್ರತಿ ಮಿಷನ್ನಿಗೂ ದೂರದಲ್ಲಿ ಒಂದು ರಾಂಚ್ ಇತ್ತು, ಅಲ್ಲಿ ಕುದುರೆ ಮೇಲೆ ಕೂತು ಹಗ್ಗ ಬೀಸಿ ದನ ಹಿಡಿಯುತ್ತಿದ್ದವರು ಮಿಷನ್ನಿನ ಮೂಲನಿವಾಸಿಗಳು. ಹಾಲಿವುಡ್ ಆಮೇಲೆ ತೋರಿಸಿದ ಕೌಬಾಯ್‌ಗೆ ಕೆಲಸ ಕಲಿಸಿದವರು ಇವರೇ.

1731ರಲ್ಲಿ ಸ್ಪೇನ್ ಇನ್ನೊಂದು ಪ್ರಯತ್ನ ಮಾಡಿತು. ಅಟ್ಲಾಂಟಿಕ್‌ನ ಕ್ಯಾನರಿ ದ್ವೀಪಗಳಿಂದ ಐವತ್ತಾರು ಜನರನ್ನು ಸರ್ಕಾರದ ಖರ್ಚಿನಲ್ಲಿ ತಂದು ಸ್ಯಾನ್ ಆಂಟೋನಿಯೊದಲ್ಲಿ ಊರು ಕಟ್ಟಿಸಿತು. ಒಪ್ಪಿ ಬರಲಿ ಎಂದು ಅವರಿಗೆ ಕುಲೀನರ ಪದವಿಯನ್ನೂ ಕೊಟ್ಟರು. ಬಂದವರು ಮೊದಲು ಮಾಡಿದ ಕೆಲಸ ನೀರಿಗೆ, ಜಮೀನಿಗೆ, ದನಕ್ಕೆ ಮಿಷನ್ ಜೊತೆ ಜಗಳ. ಊರೇನೋ ನಿಂತಿತು, ಆದರೆ ನೂರಾರು ಕುಟುಂಬ ತರುವ ಯೋಜನೆ ಆ ಒಂದು ಗುಂಪಿಗೇ ಮುಗಿಯಿತು. ಖರ್ಚು ತಡೆಯಲಾಗಲಿಲ್ಲ.

ಮಿಷನ್ ಎಲ್ಲಿವರೆಗೆ ಹೋಗಬಹುದು ಅನ್ನುವುದು 1758ರಲ್ಲಿ ಸ್ಪಷ್ಟವಾಯಿತು. ಉತ್ತರಕ್ಕೆ ಸ್ಯಾನ್ ಸಬಾ ಎಂಬಲ್ಲಿ ಅಪಾಚೆಗಳಿಗಾಗಿ ಮಿಷನ್ ಕಟ್ಟಿದರು. ಅಪಾಚೆಗಳ ಶತ್ರುಗಳಾದ ಕಮಾಂಚೆಗಳು ಮತ್ತವರ ಮಿತ್ರರು ಮಾರ್ಚ್ 16ರಂದು ಸುಮಾರು ಎರಡು ಸಾವಿರ ಜನ ಬಂದು ಅದನ್ನು ಸುಟ್ಟುಹಾಕಿದರು. ಅಲ್ಲಿಂದ ಮುಂದೆ ಆ ಬಯಲಿನ ನಿಜವಾದ ದೊರೆಗಳು ಕಮಾಂಚೆಗಳೇ. ಸ್ಪೇನ್ ಅವರಿಗೆ ಉಡುಗೊರೆ ಕೊಟ್ಟು ಸಮಾಧಾನ ಕಾಯ್ದುಕೊಂಡಿತು. 1793ರಲ್ಲಿ ವಲೇರೊ ಮಿಷನ್ ಮುಚ್ಚಿ ಉಳಿದಿದ್ದ ಕೆಲವೇ ಕುಟುಂಬಗಳಿಗೆ ಹೊಲ ಹಂಚಿದರು. ಖಾಲಿ ಕಟ್ಟಡಕ್ಕೆ ಮುಂದೆ ಒಂದು ಕುದುರೆ ಪಡೆ ಬಂದು ಕೂತಿತು. ಅವರು ಅಲಾಮೊ ದೆ ಪಾರಸ್ ಎಂಬ ಊರಿನ ಕಡೆಯವರು, ಹೆಸರು ಅಲ್ಲಿಂದ ಅಂಟಿಕೊಂಡಿತು.

ಈಗ ಸ್ವಾತಂತ್ರ್ಯದ ಕಥೆ. ಇಲ್ಲಿ ಪಠ್ಯಪುಸ್ತಕಗಳು ಓಡುತ್ತವೆ, ನಾನು ಸ್ವಲ್ಪ ನಿಲ್ಲುತ್ತೇನೆ. ಯಾಕೆಂದರೆ ಟೆಕ್ಸಾಸ್ ಮೊದಲು ಸ್ವತಂತ್ರ ಎಂದು ಘೋಷಿಸಿಕೊಂಡದ್ದು 1836ರಲ್ಲಿ ಅಲ್ಲ, 1813ರ ಏಪ್ರಿಲ್ 6ರಂದು, ಅದೂ ಸ್ಪೇನಿನಿಂದ. 1810ರಲ್ಲಿ ಪಾದ್ರಿ ಹಿಡಾಲ್ಗೊ ಮೆಕ್ಸಿಕೊದಲ್ಲಿ ಬಂಡಾಯ ಎಬ್ಬಿಸಿದ ಮೇಲೆ ಬರ್ನಾರ್ಡೊ ಗುಟಿಯೆರೆಸ್ ದೆ ಲಾರಾ ಎಂಬಾತ, ಅಮೆರಿಕದ ಸೈನ್ಯ ಬಿಟ್ಟುಬಂದ ಆಗಸ್ಟಸ್ ಮಗೀ ಜೊತೆ ಸೇರಿ, ಹಸಿರು ಬಾವುಟ ಹಿಡಿದು ಟೆಕ್ಸಾಸ್ ಒಳಗೆ ನುಗ್ಗಿದ. ಆ ಪಡೆಯಲ್ಲಿ ಅಮೆರಿಕನ್ನರು, ತೆಹಾನೊಗಳು ಅಂದರೆ ಟೆಕ್ಸಾಸ್‌ನ ಸ್ಪ್ಯಾನಿಷ್ ಮಾತಿನವರು, ಮೂಲನಿವಾಸಿಗಳು ಎಲ್ಲರೂ ಇದ್ದರು. ಸ್ಯಾನ್ ಆಂಟೋನಿಯೊ ಅವರ ಕೈಗೆ ಬಂತು, ಶರಣಾದ ಗವರ್ನರ್ ಸಾಲ್ಸೆಡೊನನ್ನು ಕೊಂದುಹಾಕಿದರು. ಗೆದ್ದವರ ಒಗ್ಗಟ್ಟು ಅಲ್ಲಿಗೇ ಒಡೆಯಿತು.

ಆಗಸ್ಟ್ 18ರಂದು ಊರಿನ ದಕ್ಷಿಣಕ್ಕೆ ಮೆಡಿನಾ ಕದನ. ರಾಜನ ಸೇನಾಪತಿ ಅರೆದೊಂಡೊ ಬಂಡಾಯದ ಪಡೆಯ ಸುಮಾರು 1,300 ಜನರನ್ನು ಕೊಂದ. ಟೆಕ್ಸಾಸ್ ನೆಲದಲ್ಲಿ ನಡೆದ ಅತಿ ರಕ್ತಸಿಕ್ತ ಕದನ ಇದು. ಅಲಾಮೊದಲ್ಲಿ ಸತ್ತವರಿಗಿಂತ ಹಲವು ಪಟ್ಟು ಹೆಚ್ಚು. ಆಮೇಲೆ ಊರಿಗೆ ಬಂದು 327 ಜನರನ್ನು ಕೊಲ್ಲಿಸಿದ, ಬಂಡಾಯಗಾರರ ಮನೆಯ ಹೆಂಗಸರನ್ನು ಒಂದು ಕಟ್ಟಡದಲ್ಲಿ ಕೂಡಿಹಾಕಿ ಸೈನಿಕರಿಗೆ ರೊಟ್ಟಿ ಮಾಡಿಸಿದ. ಅವನ ಕೈಕೆಳಗೆ ಇದನ್ನೆಲ್ಲ ನೋಡುತ್ತಿದ್ದ ಹತ್ತೊಂಬತ್ತರ ಹುಡುಗ ಒಬ್ಬ ಅಧಿಕಾರಿಯಾಗಿದ್ದ. ಅವನ ಹೆಸರು ಆಂಟೋನಿಯೊ ಲೋಪೆಸ್ ದೆ ಸಾಂತಾ ಅನ್ನಾ. ಬಂಡಾಯಗಾರರನ್ನು ಹೇಗೆ ನೋಡಿಕೊಳ್ಳಬೇಕು ಎಂದು ಅವನು ಎಲ್ಲಿ ಕಲಿತ ಎಂಬುದಕ್ಕೆ ಬೇರೆ ಊಹೆ ಬೇಕಾಗಿಲ್ಲ.

ಮೆಡಿನಾದ ಪರಿಣಾಮ ಕದನದಷ್ಟೇ ದೊಡ್ಡದು. ಬದುಕುಳಿದ ತೆಹಾನೊಗಳು ಲೂಯಿಸಿಯಾನಾ ಕಡೆ ಓಡಿದರು. ಮೊದಲೇ ತೆಳ್ಳಗಿದ್ದ ಪ್ರಾಂತ ಇನ್ನೂ ಬರಿದಾಯಿತು. 1821ರಲ್ಲಿ ಮೆಕ್ಸಿಕೊ ಸ್ವತಂತ್ರವಾದಾಗ ಟೆಕ್ಸಾಸ್‌ನಲ್ಲಿ ಅದರ ಪ್ರಜೆಗಳು ಕೆಲವೇ ಸಾವಿರ. ಖಜಾನೆ ಖಾಲಿ. ಕಮಾಂಚೆಗಳ ದಾಳಿ ನಿಂತಿಲ್ಲ. ಏನು ಮಾಡಬೇಕು? ಸ್ಪೇನ್ ಕೊನೆಗಾಲದಲ್ಲಿ ತೆರೆದಿದ್ದ ಬಾಗಿಲನ್ನೇ ಮೆಕ್ಸಿಕೊ ಇನ್ನಷ್ಟು ಅಗಲಿಸಿತು. ಅಮೆರಿಕನ್ನರನ್ನು ಕರೆಯಿತು.

ಮೋಸೆಸ್ ಆಸ್ಟಿನ್ 1821ರಲ್ಲಿ ಮುನ್ನೂರು ಕುಟುಂಬಗಳನ್ನು ತರಲು ಪರವಾನಗಿ ಪಡೆದು ಅದೇ ವರ್ಷ ತೀರಿಕೊಂಡ. ಮಗ ಸ್ಟೀಫನ್ ಆಸ್ಟಿನ್ ಆ ಕೆಲಸ ಮುಂದುವರಿಸಿದ, ಇವತ್ತಿನ ಆಸ್ಟಿನ್ ನಗರಕ್ಕೆ ಅವನದೇ ಹೆಸರು. ಜನ ಯಾಕೆ ಮುಗಿಬಿದ್ದರು ಅನ್ನುವುದಕ್ಕೆ ಲೆಕ್ಕ ನೋಡಿ. ಅಮೆರಿಕದಲ್ಲಿ 1819ರ ಆರ್ಥಿಕ ಕುಸಿತ, ಬ್ಯಾಂಕುಗಳು ಮುಳುಗಿವೆ. 1820ರ ಕಾನೂನಿನಂತೆ ಸರ್ಕಾರಿ ಜಮೀನು ಬೇಕಾದರೆ ಎಕರೆಗೆ 1.25 ಡಾಲರ್, ಕನಿಷ್ಠ 80 ಎಕರೆ, ಪೂರ್ತಿ ನಗದು. ಈ ಕಡೆ ಟೆಕ್ಸಾಸ್‌ನಲ್ಲಿ ದನ ಸಾಕುತ್ತೇನೆ ಎಂದರೆ ಒಂದು ಕುಟುಂಬಕ್ಕೆ 4,428 ಎಕರೆ, ಬರೀ ಅಳತೆ ಮತ್ತು ಕಾಗದಪತ್ರದ ಶುಲ್ಕಕ್ಕೆ. ಯಾರು ಬಿಡುತ್ತಾರೆ? ಷರತ್ತು ಇಷ್ಟೇ: ಮೆಕ್ಸಿಕೊದ ಪ್ರಜೆಯಾಗಬೇಕು, ಕ್ಯಾಥೊಲಿಕ್ ಆಗಬೇಕು. ಎರಡನೆಯದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ, ಕೇಳುವವರೂ ಇರಲಿಲ್ಲ.

ಬಂದವರಲ್ಲಿ ಬಹಳ ಜನ ಹತ್ತಿ ಬೆಳೆಯುವ ದಕ್ಷಿಣದವರು, ತಮ್ಮ ಜೊತೆ ಗುಲಾಮರನ್ನೂ ತಂದರು. ಜಗಳದ ಬೀಜ ಇದು. ಮೆಕ್ಸಿಕೊದ ರಾಜಕೀಯ ಗುಲಾಮಗಿರಿಯ ವಿರುದ್ಧ ವಾಲುತ್ತಿತ್ತು. 1829ರಲ್ಲಿ ಅಧ್ಯಕ್ಷ ವಿಸೆಂಟೆ ಗೆರೆರೊ ಅದನ್ನು ರದ್ದು ಮಾಡಿದ, ಟೆಕ್ಸಾಸ್‌ಗೆ ಮಾತ್ರ ವಿನಾಯಿತಿ ಸಿಕ್ಕಿತು. ಅದಕ್ಕೂ ಮುಂಚೆ 1828ರಲ್ಲಿ ಸ್ಥಳೀಯ ಶಾಸನಸಭೆ ಹೊರಗೆ ಮಾಡಿಕೊಂಡ ಕೂಲಿ ಕರಾರುಗಳಿಗೆ ಮಾನ್ಯತೆ ಕೊಟ್ಟಿತ್ತು. ವಲಸಿಗರು ಗಡಿ ದಾಟುವ ಮುಂಚೆ ಗುಲಾಮರಿಂದ ಜೀವಮಾನದ ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಬರುತ್ತಿದ್ದರು. ಇಲ್ಲಿ ಒಂದು ಮುಜುಗರದ ಸಂಗತಿ ಇದೆ, ಎರಡೂ ಕಡೆಯವರು ಇದನ್ನು ಹೇಳುವುದು ಕಡಿಮೆ. ಈ ದಾರಿ ತೆರೆದುಕೊಡಲು ಸ್ಯಾನ್ ಆಂಟೋನಿಯೊದ ತೆಹಾನೊ ಮುಖಂಡರೂ ಓಡಾಡಿದ್ದರು. ವಲಸಿಗರು ಬಂದರೆ ವ್ಯಾಪಾರ ಕುದುರುತ್ತದೆ, ಕಮಾಂಚೆಗಳಿಗೆ ತಡೆಯಾಗುತ್ತದೆ ಎಂಬುದು ಅವರ ಲೆಕ್ಕ.

1828ರಲ್ಲಿ ಗಡಿ ಪರಿಶೀಲನೆಗೆ ಬಂದ ಜನರಲ್ ಮಿಯೆರ್ ಇ ತೆರಾನ್ ಪೂರ್ವಕ್ಕೆ ಹೋದಷ್ಟೂ ಮೆಕ್ಸಿಕೊ ಮಾಯವಾಗುತ್ತಿರುವುದನ್ನು ಕಂಡು ಎಚ್ಚರಿಸಿದ. 1830ರ ಏಪ್ರಿಲ್ 6ರ ಕಾನೂನು ಅಮೆರಿಕದಿಂದ ವಲಸೆ ನಿಲ್ಲಿಸಿತು. ಕಾನೂನು ಬಂತು, ಕಾಯುವವರು ಬರಲಿಲ್ಲ. ಜನ ಬರುತ್ತಲೇ ಇದ್ದರು. ಹೌದು, ಆಗ ಕಾಗದವಿಲ್ಲದೆ ಗಡಿ ದಾಟಿ ಟೆಕ್ಸಾಸ್ ಒಳಗೆ ನುಸುಳುತ್ತಿದ್ದವರು ಅಮೆರಿಕನ್ನರು. ಇವತ್ತಿನ ಗಡಿ ಭಾಷಣಗಳನ್ನು ಕೇಳುವಾಗ ಇದು ನೆನಪಾಗದೇ ಇರುವುದಿಲ್ಲ.

ಹಾಗಾದರೆ 1836ರ ಯುದ್ಧ ಗುಲಾಮಗಿರಿ ಉಳಿಸಿಕೊಳ್ಳಲು ನಡೆದದ್ದೇ? ಅಷ್ಟಕ್ಕೇ ಇಳಿಸಿದರೂ ಕಥೆ ಕುಂಟುತ್ತದೆ. ಸಾಂತಾ ಅನ್ನಾ 1824ರ ಒಕ್ಕೂಟ ಸಂವಿಧಾನವನ್ನು ಬದಿಗೊತ್ತಿ ಅಧಿಕಾರವನ್ನೆಲ್ಲ ರಾಜಧಾನಿಗೆ ಎಳೆದುಕೊಂಡಾಗ ಟೆಕ್ಸಾಸ್ ಒಂದೇ ಸಿಡಿಯಲಿಲ್ಲ. ಗುಲಾಮಗಿರಿಯ ಪ್ರಶ್ನೆಯೇ ಇಲ್ಲದ ಸಕಾಟೆಕಾಸ್ ರಾಜ್ಯವೂ ಸಿಡಿಯಿತು, 1835ರ ಮೇನಲ್ಲಿ ಅದನ್ನು ಅವನು ತುಳಿದುಹಾಕಿದ, ಊರನ್ನು ಸೈನಿಕರು ದೋಚಿದರು. ಹ್ವಾನ್ ಸೆಗೀನ್‌ನಂಥ ತೆಹಾನೊಗಳು ಬಂದೂಕು ಹಿಡಿದದ್ದು ಈ ಸಿಟ್ಟಿಗೆ. ಆದರೆ ಗೆದ್ದ ಮೇಲೆ ಯಾವ ದೇಶ ಕಟ್ಟಿದರು ಅಂತಲೂ ನೋಡಬೇಕಲ್ಲ. 1836ರ ಟೆಕ್ಸಾಸ್ ಗಣರಾಜ್ಯದ ಸಂವಿಧಾನ ಗುಲಾಮರನ್ನು ಬಿಡುಗಡೆ ಮಾಡುವ ಅಧಿಕಾರ ಸಂಸತ್ತಿಗೇ ಇಲ್ಲ ಎಂದಿತು. ಸ್ವತಂತ್ರನಾಗಿರುವ ಕರಿಯನೂ ಸಂಸತ್ತಿನ ಒಪ್ಪಿಗೆ ಇಲ್ಲದೆ ಅಲ್ಲಿ ನೆಲೆಸುವಂತಿಲ್ಲ ಎಂದಿತು. ಆಫ್ರಿಕಾ ಮೂಲದವರನ್ನೂ ಮೂಲನಿವಾಸಿಗಳನ್ನೂ ಪೌರತ್ವದಿಂದ ಹೊರಗಿಟ್ಟಿತು. ಕಾರಣಗಳ ಬಗ್ಗೆ ವಾದ ಮಾಡಬಹುದು, ಈ ಸಾಲುಗಳು ಮಾತ್ರ ಕಪ್ಪು ಬಿಳುಪಿನಲ್ಲಿ ಇವೆ.

ಈಗ ಆ ಹದಿಮೂರು ದಿನಕ್ಕೆ ಬರೋಣ. ಅಲಾಮೊ ಯಾಕೆ ಬಿತ್ತು ಅನ್ನುವುದಕ್ಕೆ ಉತ್ತರ ಕಟ್ಟಡದಲ್ಲೇ ಇದೆ. ಅದು ಕೋಟೆಯಾಗಿ ಕಟ್ಟಿದ್ದಲ್ಲ. ಮೂಲನಿವಾಸಿ ಕುಟುಂಬಗಳು ವಾಸ ಮಾಡಿ, ನೇಯ್ದು, ದವಸ ಕೂಡಿಡಲು ಕಟ್ಟಿದ ಮೂರು ಎಕರೆಯಷ್ಟು ಆವರಣ. ಚರ್ಚಿನ ಚಾವಣಿ ಮುಗಿದೇ ಇರಲಿಲ್ಲ. ಚರ್ಚಿಗೂ ಪಕ್ಕದ ಕಟ್ಟಡಕ್ಕೂ ನಡುವೆ ಗೋಡೆಯೇ ಇರಲಿಲ್ಲ, ಮರದ ದಿಮ್ಮಿ ನೆಟ್ಟು ಮುಚ್ಚಿದ್ದರು. ಅಷ್ಟು ಉದ್ದದ ಗೋಡೆಗೆ ಇನ್ನೂರು ಜನ ಅಂದರೆ ಹತ್ತೆಕರೆ ತೋಟಕ್ಕೆ ಇಬ್ಬರು ಕಾವಲುಗಾರರು ನಿಂತಂತೆ. ಮಾರ್ಚ್ 6ರ ಬೆಳಗಿನ ಜಾವ ಸಾಂತಾ ಅನ್ನಾನ ಸೈನಿಕರು ಒಳಗೆ ಬಂದದ್ದೇ ಗೋಡೆ ಹತ್ತಿ.

ಒಳಗೆ ಸತ್ತವರಲ್ಲಿ ಪಡೆಯ ನಾಯಕ ಟ್ರಾವಿಸ್, ಅವನ ಜೊತೆಗಿದ್ದ ಬೋವಿ, ಕ್ರಾಕೆಟ್ ಹೆಸರು ಎಲ್ಲರಿಗೂ ಗೊತ್ತು. ಗ್ರೆಗೊರಿಯೊ ಎಸ್ಪಾರ್ಸಾ ಎಂಬ ತೆಹಾನೊ ಕೂಡ ಅಲ್ಲೇ ಸತ್ತ. ಅವನ ಅಣ್ಣತಮ್ಮಂದಿರಲ್ಲಿ ಒಬ್ಬ ಮೆಕ್ಸಿಕೊ ಪಡೆಯ ಕಡೆಗಿದ್ದ, ಬೇಡಿಕೊಂಡು ಹೆಣ ತೆಗೆದುಕೊಂಡು ಮಣ್ಣು ಮಾಡಿದ. ಉಳಿದವರನ್ನು ಕಟ್ಟಿಗೆ ರಾಶಿ ಹಾಕಿ ಸುಟ್ಟರು. ಬದುಕಿ ಹೊರಬಂದವರಲ್ಲಿ ಎಸ್ಪಾರ್ಸಾನ ಹೆಂಡತಿ ಮಕ್ಕಳಿದ್ದರು, ಟ್ರಾವಿಸ್‌ನ ಗುಲಾಮ ಜೋ ಇದ್ದ. ಒಳಗೆ ಏನಾಯಿತು ಎಂಬುದು ಹೊರಗೆ ತಿಳಿದದ್ದರಲ್ಲಿ ಜೋನ ಪಾಲು ದೊಡ್ಡದು. ಟೆಕ್ಸಾಸ್ ಗೆದ್ದ ಮೇಲೂ ಅವನು ಗುಲಾಮನೇ, ಟ್ರಾವಿಸ್‌ನ ಆಸ್ತಿಯ ಲೆಕ್ಕಕ್ಕೆ ವಾಪಸು ಹೋದ. ಸಾಂತಾ ಅನ್ನಾ ಸೋತ ಸ್ಯಾನ್ ಹಸಿಂಟೊ ಕದನದಲ್ಲಿ ಗೆಲುವಿಗಾಗಿ ಹೋರಾಡಿದ ಸೆಗೀನ್ ಸ್ಯಾನ್ ಆಂಟೋನಿಯೊದ ಮೇಯರ್ ಆದ, 1842ರಲ್ಲಿ ಹೊಸ ವಲಸಿಗರ ದ್ವೇಷಕ್ಕೆ ಹೆದರಿ ಮೆಕ್ಸಿಕೊಗೆ ಓಡಿಹೋಗಬೇಕಾಯಿತು. ಕರೆತಂದವರನ್ನೇ ಹೊರಗೆ ಹಾಕಿದ ವಲಸೆ ಇದು.

ಸ್ಮಾರಕದ ಈಗಿನ ಜಗಳ ಈ ಹಿನ್ನೆಲೆಯಲ್ಲಿ ನೋಡಿದರೆ ವಿಚಿತ್ರ ಅನಿಸುವುದಿಲ್ಲ. 1905ರಿಂದ 2015ರವರೆಗೆ ಜಾಗವನ್ನು ನೋಡಿಕೊಂಡದ್ದು ವಲಸಿಗರ ವಂಶದ ಹೆಂಗಸರ ಸಂಘ. 2015ರಲ್ಲಿ ಅಲಾಮೊ ಸೇರಿ ಐದೂ ಮಿಷನ್‌ಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಯುನೆಸ್ಕೊ ಮೆಚ್ಚಿದ್ದು ಯುದ್ಧವನ್ನಲ್ಲ, ಕಾಲುವೆ, ಹೊಲ, ರಾಂಚ್, ಚರ್ಚ್ ಸೇರಿದ ಮಿಷನ್ ವ್ಯವಸ್ಥೆಯನ್ನು. ಅದೇ ಹೊತ್ತಿಗೆ ರಾಜ್ಯ ಸರ್ಕಾರ ದೊಡ್ಡ ಜೀರ್ಣೋದ್ಧಾರಕ್ಕೆ ಕೈ ಹಾಕಿತು, ಈಗ ಅದರ ಅಂದಾಜು 50 ಕೋಟಿ ಡಾಲರ್ ದಾಟಿದೆ. 1836ರ ಸತ್ತವರ ನೆನಪಿನ ಕಲ್ಲನ್ನು ಸ್ವಲ್ಪ ದೂರ ಸರಿಸುವ ಮಾತು ಬಂದಾಗ ಬಂದೂಕು ಹಿಡಿದವರು ಬಂದು ಪ್ರತಿಭಟಿಸಿದರು, 2020ರಲ್ಲಿ ರಾಜ್ಯದ ಚರಿತ್ರೆ ಆಯೋಗ ಆ ಯೋಜನೆಯನ್ನು ತಳ್ಳಿಹಾಕಿತು. ಮರುವರ್ಷ ಶಾಸನಸಭೆ 1836 ಪ್ರಾಜೆಕ್ಟ್ ಎಂಬ ಹೆಸರಲ್ಲಿ ದೇಶಭಕ್ತಿಯ ಚರಿತ್ರೆ ಹರಡಲು ಒಂದು ಸಮಿತಿಯನ್ನೇ ಮಾಡಿತು.

ಹದಿಮೂರು ದಿನ ಸಾಕು ಎನ್ನುವವರು ವೀರರಿಗೆ ಗೌರವ ಕೊಡುತ್ತಿದ್ದೇವೆ ಎಂದುಕೊಂಡಿದ್ದಾರೆ. ನನಗೇನೋ ಅದರಿಂದ ವೀರರೇ ಸಣ್ಣವರಾಗುತ್ತಾರೆ ಅನಿಸುತ್ತದೆ. ಎಸ್ಪಾರ್ಸಾ ಯಾಕೆ ಒಳಗಿದ್ದ, ಒಡಹುಟ್ಟಿದವನು ಯಾಕೆ ಹೊರಗಿದ್ದ ಎಂದು ಹೇಳಲು ಮೆಡಿನಾ ಬೇಕು, ಸಕಾಟೆಕಾಸ್ ಬೇಕು. ಅವೆರಡನ್ನೂ ಬಿಟ್ಟರೆ ಅವನು ಸುಮ್ನೆ ಪಟ್ಟಿಯಲ್ಲಿನ ಒಂದು ಹೆಸರು.

ಇನ್ನು ಅತಿ ಹಳೆಯ ಪಾಲುದಾರರ ಮಾತು. ಮಿಷನ್ನಿನ ದಾಖಲೆ ಪುಸ್ತಕಗಳ ಪ್ರಕಾರ ನೂರಾರು ಮೂಲನಿವಾಸಿಗಳನ್ನು ಅದೇ ಆವರಣದಲ್ಲಿ ಮಣ್ಣು ಮಾಡಲಾಗಿದೆ. ತಾವು ಅವರ ವಂಶದವರು ಎನ್ನುವ ತಾಪ್ ಪೀಲಮ್ ಕೊವಾವಿಲ್ಟೆಕನ್ ಸಮುದಾಯ, ಅಲ್ಲಿ ಅಗೆಯುವಾಗ ಮೂಳೆ ಸಿಕ್ಕರೆ ಏನು ಮಾಡಬೇಕು ಎಂದು ನಿರ್ಧರಿಸುವಲ್ಲಿ ತಮಗೂ ಪಾಲಿರಬೇಕು ಎಂದು 2019ರಲ್ಲಿ ಕೋರ್ಟಿಗೆ ಹೋಯಿತು. ಅದೇ ವರ್ಷದ ಕೊನೆಗೆ ಅಗೆತದಲ್ಲಿ ಮಾನವ ಅವಶೇಷಗಳು ಸಿಕ್ಕವು ಕೂಡ. ತೊಡಕು ಏನೆಂದರೆ, ಮೂಳೆಗಳ ಮೇಲೆ ಬುಡಕಟ್ಟುಗಳಿಗೆ ಹಕ್ಕು ಕೊಡುವ ಅಮೆರಿಕದ 1990ರ ಕಾನೂನು ಅನ್ವಯಿಸಲು ಕೇಂದ್ರ ಸರ್ಕಾರದ ಮಾನ್ಯತೆ ಇರಬೇಕು, ಈ ಸಮುದಾಯಕ್ಕೆ ಅದಿಲ್ಲ. ಅವರ ಪೂರ್ವಿಕರನ್ನು ಮಿಷನ್ ಸ್ಪ್ಯಾನಿಷ್ ಹೆಸರಿನ ಕ್ಯಾಥೊಲಿಕ್ ಪ್ರಜೆಗಳನ್ನಾಗಿ ಮಾಡಿತ್ತು. ಹಾಗಾಗಿ ಆಮೇಲಿನ ಜನಗಣತಿಗಳಲ್ಲಿ ಅವರು ಮೆಕ್ಸಿಕನ್ನರು ಎಂದಾದರು, ಬುಡಕಟ್ಟಾಗಿ ಉಳಿದ ದಾಖಲೆ ತೋರಿಸುವುದು ಕಷ್ಟವಾಯಿತು. ಕೆಳಗಿನ ಕೋರ್ಟೂ ಮೇಲಿನ ಕೋರ್ಟೂ ಅವರ ಕೇಸನ್ನು ಒಪ್ಪಲಿಲ್ಲ.

ಹೊಸ ಮ್ಯೂಸಿಯಂ ಅಲಾಮೊ ಎದುರಿನ ಹಳೇ ಕಟ್ಟಡಗಳಲ್ಲಿ ತಯಾರಾಗುತ್ತಿದೆ, 2027ರಲ್ಲಿ ತೆರೆಯುವ ಅಂದಾಜಿದೆ. ಗೋಡೆಯ ಮೇಲಿನ ಬರಹದ ಬಗ್ಗೆ ಕೊನೇ ಮಾತು ಈಗ ಚರಿತ್ರೆಕಾರರಿಗಿಂತ ಹಣ ಕೊಡುವ ಶಾಸಕರ ಹತ್ತಿರ ಹೆಚ್ಚಿದೆ ಎಂದು 2025ರ ಘಟನೆ ತೋರಿಸಿತು. ಉಳಿದ ನಾಲ್ಕು ಮಿಷನ್‌ಗಳು ಕೇಂದ್ರದ ರಾಷ್ಟ್ರೀಯ ಉದ್ಯಾನ ಇಲಾಖೆಯ ಕೈಯಲ್ಲಿವೆ, ಅಲ್ಲಿ ಇಂಥ ಜಗಳ ಕಡಿಮೆ, ಜನವೂ ಕಡಿಮೆ. ನಾಲ್ಕೂ ಚರ್ಚುಗಳಲ್ಲಿ ಭಾನುವಾರ ಈಗಲೂ ಪೂಜೆ ನಡೆಯುತ್ತದೆ, ಬರುವವರಲ್ಲಿ ಮಿಷನ್ ಕಟ್ಟಿದ ಮೂಲನಿವಾಸಿಗಳ ವಂಶದವರೂ ಇದ್ದಾರೆ. ಸ್ಯಾನ್ ಆಂಟೋನಿಯೊಗೆ ಹೋಗುವವರು ಅಲಾಮೊ ನೋಡಿ, ಖಂಡಿತ ನೋಡಿ. ಆದರೆ ಅರ್ಧ ದಿನ ಉಳಿಸಿಕೊಂಡು ದಕ್ಷಿಣಕ್ಕೆ ಸ್ಯಾನ್ ಹೊಸೆಗೂ ಎಸ್ಪಾಡಕ್ಕೂ ಹೋಗಿ. ಅಲಾಮೊದಲ್ಲಿ ಊರು ನುಂಗಿಹಾಕಿದ ಹೊಲ, ಕಾಲುವೆ, ಮನೆಗಳ ಸಾಲು ಹೇಗಿದ್ದವು ಎಂದು ಅಲ್ಲಿ ಕಾಣುತ್ತದೆ.